ಅಕ್ಕನ ದೆವ್ವಗಳಿಗೆ ನನ್ನ ಹೂಂ

ನನಗೊಂದು ಚಟ ಇದೆ. ಯಾರು ಏನು ಹೇಳಿದರೂ ಹೂಂ ಅನ್ನುವುದು. ಅದು ಒಪ್ಪಿಗೆಯ ಹೂಂ ಅಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳಿ ಅನ್ನುವ ಹೂಂ. ಆದರೆ ಹೇಳುವವರಿಗೆ ಈ ವ್ಯತ್ಯಾಸ ಎಲ್ಲಿ ತಿಳಿಯಬೇಕು? ಹಾಲಿನವನು ಬಾಗಿಲಲ್ಲಿ ನಿಂತು ಎಮ್ಮೆ ಈದಿದೆ, ಗಿಣ್ಣದ ಹಾಲಿದೆ, ಎರಡು ಸೇರು ಹಾಕಲೇ ಅನ್ನುವಷ್ಟರಲ್ಲಿ ನನ್ನ ಹೂಂ ಹೊರಟುಹೋಗಿರುತ್ತದೆ. ಆಮೇಲೆ ಎರಡು ದಿನ ಮನೆಮಂದಿಯೆಲ್ಲ ಗಿಣ್ಣ ತಿನ್ನಬೇಕು. ಹೋದ ವರ್ಷ ಪಕ್ಕದ ಮನೆಯ ಮರಾಠಿ ಬಾಯಿ ಪಂಢರಪುರದ ವಾರಿಗೆ ಹೊರಟ ವಿಷಯ ಹೇಳುತ್ತಿದ್ದಳು. ಅವಳ ಪಾದಯಾತ್ರೆಯ ಉದ್ದಕ್ಕೂ ನಾನು ಹೂಂ ಅಂದೆ. ಮೂರನೆಯ ದಿನ ನೋಡಿದರೆ ಹೊರಡುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ನಮ್ಮ ಮನೆಯವರು ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾರೆ. "ಇಂಥಾವ್ರು ಹೂಂ ಅನ್ನೋದಕ್ಕ ನೋಡ್ರಿ, ಇಂಗ್ರೇಜರು ಇನ್ನೂ ಈ ದೇಶಾ ಬಿಟ್ಟು ಏಳವಲ್ಲರು" ಅನ್ನುತ್ತಾರೆ.

ನಾನು ಓದಿದವಳಲ್ಲ. ಮರಾಠಿ ಶಾಲೆಯಲ್ಲಿ ಮೂರನೇ ಇಯತ್ತೆ ದಾಟಲಿಲ್ಲ. ಕನ್ನಡ ಅಕ್ಷರ ಅಪ್ಪ ಕಲಿಸಿದ್ದು, ಅಂಗಡಿಯಿಂದ ತಂದ ಬಟ್ಟೆ ಸುತ್ತುವ ಕಾಗದದ ಮೇಲೆ. ಹಾಗಾಗಿ ಇಲ್ಲಿ ತಪ್ಪುಗಳಿದ್ದರೆ ಮನ್ನಿಸಿ. ಅಕ್ಷರದ ತಪ್ಪುಗಳನ್ನು ಹೇಳುತ್ತಿದ್ದೇನೆ. ಇನ್ನೊಂದು ತಪ್ಪಿನ ಮಾತು ಮುಂದೆ ಬರುತ್ತದೆ.

ಈ ಹೂಂ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದು ನಮ್ಮ ನೀಲಕ್ಕ ನನಗೆ ಕೊಟ್ಟ ನೌಕರಿ.

ನಮ್ಮ ಅಪ್ಪ ವಿಜಾಪುರದ ಕಡೆಯಿಂದ ಪುಣೆಗೆ ಬಂದು ದಂಡಿನ ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಪೇಟೆಯ ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ನಮಗೆ ಎರಡು ಕೋಣೆ. ಅಪ್ಪ ಬೆಳಿಗ್ಗೆ ನಡೆದುಕೊಂಡು ಕ್ಯಾಂಪಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮಧ್ಯಾಹ್ನ ಅವ್ವ ಸೆರಗು ಹಾಸಿಕೊಂಡು ಅಡ್ಡಾದಳೆಂದರೆ ಮಾಳಿಗೆಯ ಮೆಟ್ಟಿಲೆಲ್ಲ ನಮ್ಮ ರಾಜ್ಯ. ನೀಲಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು.

ಆ ಮೆಟ್ಟಿಲಿಗೆ ಎಂಟು ದಿನಕ್ಕೊಮ್ಮೆ ತಾನೂಬಾಯಿ ಬರುತ್ತಿದ್ದಳು. ಸಿಂಹಗಡದ ಆಚೆ ಗುಡ್ಡದ ಸಂದಿಯಲ್ಲಿ ಎಲ್ಲೋ ಅವಳ ವಾಡಿ. ಹತ್ತೋ ಹನ್ನೆರಡೋ ಗುಡಿಸಲಂತೆ. ಅಲ್ಲಿಂದ ಪತ್ರಾವಳಿಯ ಹೊರೆ ತಲೆಯ ಮೇಲಿಟ್ಟುಕೊಂಡು ಇಳಿದು ಬರುವಳು. ಬೇಸಿಗೆಯಲ್ಲಿ ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು. ಮಂಡಯಿಯ ಸಂತೆಯಲ್ಲಿ ಮಾರಿ, ಉಳಿದದ್ದನ್ನು ನಮ್ಮ ಅವ್ವನಿಗೆ ಕೊಟ್ಟು, ಮೆಟ್ಟಿಲ ಬುಡದಲ್ಲಿ ಕೂತು ಭಾಕರಿ ರೊಟ್ಟಿಯ ಗಂಟು ಬಿಚ್ಚುವಳು. ನೀಲಕ್ಕ ತಂಬಿಗೆಯಲ್ಲಿ ನೀರು ಒಯ್ದು ಕೊಟ್ಟು ಅಲ್ಲೇ ಕೂತುಬಿಡುವಳು. ತಾನೂಬಾಯಿ ಭಾಕರಿ ಮುರಿಯುತ್ತ ತನ್ನ ಗುಡ್ಡದ ದೆವ್ವಗಳ ಸುದ್ದಿ ಹೇಳುವಳು, ಬೀಗರ ಮನೆಯ ಸುದ್ದಿ ಹೇಳಿದ ಹಾಗೆ. ಅರಳಿ ಮರದ ಮುಂಜ ಈ ಸಲ ಯಾರ ಟೋಪಿ ಹಾರಿಸಿದ, ಮಡುವಿನ ಏಳು ಮಂದಿ ಆಸರೆಯರು ಯಾವ ದನಗಾಹಿಯನ್ನು ಕೂಗಿ ಕರೆದರು, ಬಾಣಂತನದಲ್ಲಿ ಸತ್ತು ಹಡಳ ಆದವಳು ಹೇಗೆ ಹಿಮ್ಮುಖ ಪಾದದಲ್ಲಿ ನಡೆದು ತನ್ನ ಕೂಸನ್ನು ನೋಡಲು ಬಂದಳು, ಯಾವ ವಾಡಿಯಲ್ಲಿ ಮಾಟ ಬಲ್ಲ ಚೇಟಕೀಣ ಇದ್ದಾಳೆಂದು ಜನ ಅಂಜುತ್ತಾರೆ, ಇವೇ.

ಆ ಕಥೆಗಳಿಗೆ ಮೂರು ಕಟ್ಟಳೆ ಇದ್ದವು. ಒಂದು, ಹಗಲು ಹೊತ್ತಿನಲ್ಲೇ ಹೇಳಬೇಕು. ಇನ್ನೊಂದು, ಎದುರಿಗೆ ಒಬ್ಬರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ರಾತ್ರಿ ಹೇಳಿದರೆ ದೆವ್ವಗಳೂ ಬಂದು ಕತ್ತಲಲ್ಲಿ ಕೂತು ಹೂಂ ಅನ್ನುತ್ತವೆ, ಯಾರ ಹೂಂ ಯಾವುದು ಅಂತ ತಿಳಿಯುವುದಿಲ್ಲ ಅನ್ನುತ್ತಿದ್ದಳು ತಾನೂಬಾಯಿ. ಕಡೆಯದು, ಕಥೆ ಮುಗಿದ ಮೇಲೆ ಒಂದು ಚಿಟಿಕೆ ಉಪ್ಪನ್ನು ಗುಡ್ಡದ ದಿಕ್ಕಿಗೆ ಎಸೆದು, ಅಲ್ಲಿಯದು ಅಲ್ಲಿಗೆ ಅಂತ ಹೇಳಿ ದೆವ್ವವನ್ನು ಮನೆಗೆ ಕಳಿಸಬೇಕು. ಕರೆದವರೇ ಕಳಿಸಿಕೊಡಬೇಕು, ಅತಿಥಿ ಅಲ್ಲವೇ.

ತಾನೂಬಾಯಿ ಹೋದ ಮೇಲೆ ಉಳಿದ ಏಳು ದಿನ ಅವೇ ಕಥೆಗಳನ್ನು ನೀಲಕ್ಕ ನನಗೆ ಕನ್ನಡದಲ್ಲಿ ಹೇಳುವಳು. ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಹೇಳುವಳು. ಕೈ ಎಂದೂ ನಿಲ್ಲುತ್ತಿರಲಿಲ್ಲ. ಅವಳ ಬಾಯಲ್ಲಿ ಸಹ್ಯಾದ್ರಿಯ ದೆವ್ವಗಳು ಚೊಕ್ಕ ವಿಜಾಪುರದ ಮಾತು ಕಲಿತಿದ್ದವು. ಹಡಳ ಬಂದು ಬಾಗಿಲು ತಟ್ಟಿದರೆ ಮೊದಲು "ಊಟ ಆತೇನ್ರಿ?" ಅಂತ ಕೇಳುವಳು. ನಾನು ನಕ್ಕುಬಿಡುವೆ. ಆ ನಗು ಗಂಟಲಲ್ಲಿ ಇರುವಾಗಲೇ ಅಕ್ಕ ದನಿ ತಗ್ಗಿಸಿ, ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದದ್ದು ಬೆರಳಲ್ಲ, ಹಿಮ್ಮಡಿ ಅನ್ನುವಳು. ಆಮೇಲೆ ಸುಮ್ಮನಾಗುವಳು. ನನ್ನ ಹೂಂ ಬಾರದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆ ಒಂದು ಹೂಂ ಅನ್ನಲು ನನಗೆ ಎಷ್ಟು ಧೈರ್ಯ ಬೇಕಾಗುತ್ತಿತ್ತೆಂದು ನಿಮಗೆ ಹೇಗೆ ತಿಳಿಸಲಿ? ಒಮ್ಮೆ ಬಾಯಿ ತುಂಬ ಶೇಂಗಾ ತುಂಬಿಕೊಂಡು ಕೂತಿದ್ದೆ. ನಾನು ಅಗಿದು ನುಂಗಿ ಹೂಂ ಅನ್ನುವವರೆಗೆ ಒಬ್ಬ ದಾರಿಹೋಕ ಅರಳಿ ಮರದ ಕೆಳಗೆ ಒಂದು ಕಾಲು ಎತ್ತಿಕೊಂಡೇ ನಿಂತಿದ್ದ. ದೊಡ್ಡವಳಾದ ಮೇಲೆ ನಾನು ಕೀರ್ತನೆ ಕೇಳಿದ್ದೇನೆ, ಕ್ಯಾಂಪಿನಲ್ಲಿ ನಾಟಕ ನೋಡಿದ್ದೇನೆ. ದನಿ ಏರಿಸದೆ ಮೈಯ ಕೂದಲು ನಿಲ್ಲಿಸುವವರನ್ನು ನಮ್ಮ ಅಕ್ಕನ ಹೊರತು ಇನ್ನೊಬ್ಬರನ್ನು ಕಾಣಲಿಲ್ಲ.

ಇವುಗಳಲ್ಲಿ ನನಗೆ ಮುಖ್ಯವಾದದ್ದು ಚಕವಾ. ಅದಕ್ಕೆ ರೂಪವಿಲ್ಲ, ಹಲ್ಲಿಲ್ಲ, ಅದು ಯಾರನ್ನೂ ತಿನ್ನುವುದಿಲ್ಲ. ಗುಡ್ಡದಲ್ಲಿ ನಡೆಯುವವನಿಗೆ ದಾರಿ ತಪ್ಪಿಸುತ್ತದೆ, ಅಷ್ಟೆ. ಅವನು ನಡೆದೇ ನಡೆಯುತ್ತಾನೆ. ನೋಡಿದರೆ ಮತ್ತೆ ಅದೇ ಕಲ್ಲು, ಅದೇ ಗಿಡ. ಬಿಡಿಸಿಕೊಳ್ಳಲು ಓಡಬಾರದು. ಇದ್ದಲ್ಲೇ ಕೂತುಬಿಡಬೇಕು. ಕೂತರೆ ಚಕವಾ ಬೇಸತ್ತು ಹೋಗುತ್ತದೆ, ದಾರಿ ಕಾಣುತ್ತದೆ. ಇಷ್ಟು ಸರಳ ಉಪಾಯ ಗೊತ್ತಿದ್ದೂ ನಾನು ಮೂವತ್ತು ವರ್ಷ ಕೂರಲಿಲ್ಲ.

ಅಕ್ಕನಿಗೆ ಹದಿಮೂರು ತುಂಬಿದಾಗ ಅವಳನ್ನು ನೋಡಲು ಬಂದರು. ಇನ್ನೊಂದು ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡುತ್ತಿದ್ದ ಕನ್ನಡದವರು, ಒಳ್ಳೆಯ ಮನೆ. ಅವ್ವ ಬೆಳಿಗ್ಗೆಯಿಂದ ರವೆ ಹುರಿದು ಶಿರಾ ಮಾಡಿದ್ದಳು. ಹುಡುಗನ ಸೋದರತ್ತೆ ದಪ್ಪ ಮೂಗುತಿಯ ಹೆಂಗಸು. ಗಂಡಸರು ಅಪ್ಪನ ಜೊತೆ ಮಾತಾಡುತ್ತಿದ್ದಾಗ ಒಳಗೆ ಬಂದು ನನ್ನ ಕೆನ್ನೆ ಹಿಂಡಿ ಹತ್ತಿರ ಕೂಡಿಸಿಕೊಂಡಳು. ಅವ್ವ ಒಲೆಯ ಹತ್ತಿರ, ಅಕ್ಕ ಇನ್ನೊಂದು ಕೋಣೆಯಲ್ಲಿ. ನನಗೆ ಆಗ ಒಂಬತ್ತು. ಹಿಂದಿನ ಎರಡು ದಿನದಿಂದ ನಾನು ಒಂದೇ ವಿಚಾರ ಮಾಡುತ್ತಿದ್ದೆ: ಅಕ್ಕ ಹೋದರೆ ನನಗೆ ಕಥೆ ಹೇಳುವವರು ಯಾರು?

"ನಿಮ್ಮಕ್ಕ ಏನೇನ ಕೆಲಸಾ ಕಲ್ತಾಳವ್ವಾ?" ಅಂತ ಕೇಳಿದಳು ಆ ಅತ್ತೆ.

"ಎಲ್ಲಾ ಕಲ್ತಾಳ್ರಿ. ಚೇಟಕೀಣ ವಿದ್ಯಾನೂ ಬರ್ತದ" ಅಂದೆ.

ಅವಳು ನಕ್ಕಳು. ಯಾರು ಕಲಿಸಿದರು ಅಂದಳು. ಗುಡ್ಡದ ತಾನೂಬಾಯಿ ಅಂದೆ. ನಗುತ್ತಲೇ ಇದ್ದಳು, ಅದು ನನಗೆ ಸೇರಲಿಲ್ಲ. "ತೋರಸ್ಲೇನ್ರಿ?" ಅಂದು ಗೋಡೆಯ ಗೂಡಿಗೆ ಕೈ ಹಾಕಿ ಅಕ್ಕನ ಗಂಟು ತೆಗೆದೆ. ಅದರಲ್ಲಿ ಬಾಚುವಾಗ ಉದುರಿದ ಕೂದಲಿನ ಉಂಡೆ ಇತ್ತು. ಚೌರಿ ಕಟ್ಟಲೆಂದು ಎಲ್ಲ ಹೆಣ್ಣುಮಕ್ಕಳೂ ಕೂಡಿಡುತ್ತಾರೆ. ಒಂದು ಹಿಡಿ ಉಪ್ಪು ಇತ್ತು, ಕಥೆ ಮುಗಿದ ಮೇಲೆ ಎಸೆಯಲು. ಅಗಸರು ಬಟ್ಟೆಗೆ ಗುರುತು ಹಾಕುವ ಬಿಬ್ಬೆಯ ಬೀಜ ಏಳು ಇದ್ದವು. ಗಜಗದ ಆಟಕ್ಕೆಂದು ತಾನೂಬಾಯಿಯನ್ನು ಬೇಡಿ ತರಿಸಿಕೊಂಡಿದ್ದು ನಾನೇ. ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಮೂರನ್ನೂ ಒಂದೇ ಅರಿವೆಯಲ್ಲಿ ಕಟ್ಟಿ ಒಂದು ಮಗು ತೋರಿಸಿದರೆ, ನೋಡಿದವರಿಗೆ ಮಾಟದ ಸಾಮಾನು.

ಅತ್ತೆಯ ನಗು ನಿಂತಿತು. ನನ್ನ ಕೆನ್ನೆ ಹಿಂಡಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಶಿರಾ ತಟ್ಟೆಯಲ್ಲೇ ಉಳಿಯಿತು. ಹೇಳಿ ಕಳಿಸುತ್ತೇವೆ ಅಂತ ಅಪ್ಪನಿಗೆ ಅಂದು ಇಳಿದು ಹೋದರು. ಆ ದಿನ ನನಗೆ ಗೆದ್ದ ಸಂತೋಷ. ಉಳಿದ ಶಿರಾವನ್ನೂ ನಾನೇ ತಿಂದೆ.

ಒಂದು ಮನೆಯವರು ಅಂಜಿ ಹೋದರೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಾತು ಮನೆಯಿಂದ ಮನೆಗೆ ನಡೆಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಆಗ ಪುಣೆಯಲ್ಲಿ ನಮ್ಮವರ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಮುಂದೆ ಬರಬೇಕಾಗಿದ್ದವರು ವಾಡೆಯ ಬಾಗಿಲ ತನಕ ಬಂದು ತಿರುಗಿ ಹೋದರು. ಅದರ ಮುಂದಿನವರು ಹೊರಡಲೇ ಇಲ್ಲ. ಗುಡ್ಡದ ಹೆಂಗಸೊಬ್ಬಳು ನಿಮ್ಮ ಹುಡುಗಿಗೆ ಏನೋ ಕಲಿಸಿದ್ದಾಳಂತಲ್ಲ ಅಂತ ಪರಿಚಯದವರು ಯಾರೋ ಅವ್ವನ ಕಿವಿಗೆ ಹಾಕಿದರು. ಈ ಮಾತು ಮೊದಲು ಯಾರ ಬಾಯಿಂದ ಹೊರಟಿತೆಂದು ಯಾರೂ ಕೇಳಲಿಲ್ಲ.

ಆ ಮಾತು ಅವ್ವನ ಕಿವಿಗೆ ಬಿದ್ದ ಮರುವಾರ ತಾನೂಬಾಯಿ ಆ ವರ್ಷದ ಮೊದಲ ಕವಳಿ ಹಣ್ಣು ತಂದಿದ್ದಳು. ಅಕ್ಕನನ್ನು ಅವ್ವ ಕೋಣೆಯಿಂದ ಹೊರಗೆ ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ನಿಂತುಕೊಂಡೇ, ಇನ್ನು ಈ ಮನೆಗೆ ಬರಬೇಡ ಅಂತ ಮರಾಠಿಯಲ್ಲಿ ಹೇಳಿದಳು. ಏನು ತಪ್ಪಾಯಿತು ಬಾಯೀ ಅಂತ ತಾನೂಬಾಯಿ ಕೇಳಿದಳು. ಅವ್ವ ನನ್ನ ಕಡೆ ತಿರುಗಿದಳು.

"ಅಕಿನ ಕಲಿಸಿದ್ದು ಹೌದಿಲ್ಲೋ?"

"ಹೂಂ" ಅಂದೆ.

ಮೊದಲೇ ಹೇಳಿದೆನಲ್ಲ, ನನ್ನದು ಒಪ್ಪಿಗೆಯ ಹೂಂ ಅಲ್ಲ ಅಂತ. ಅವತ್ತಿನದು ಒಪ್ಪಿಗೆಯದೇ. ಕನ್ನಡ ಬಾರದ ತಾನೂಬಾಯಿಗೂ ಅದು ತಿಳಿಯಿತು. ನನ್ನನ್ನು ಒಂದು ಕ್ಷಣ ನೋಡಿದಳು, ದೊನ್ನೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಹಣ್ಣನ್ನು ಹೊರಗೆ ಚೆಲ್ಲಿ ಬಾ ಅಂದಳು ಅವ್ವ. ಚೆಲ್ಲಲು ಹೋದವಳು ಎರಡು ತಿಂದೆ. ಸಿಹಿಯಾಗಿದ್ದವು. ಇದನ್ನೂ ಬರೆದುಬಿಡುತ್ತೇನೆ, ಇಷ್ಟೆಲ್ಲ ಬರೆದ ಮೇಲೆ ಇದೊಂದನ್ನು ಮುಚ್ಚಿಟ್ಟು ಏನು ಮಾಡಲಿ.

ಅಕ್ಕ ಕಥೆ ಹೇಳುವುದನ್ನು ಬಿಟ್ಟಳು. ನಾನು ಯಾವುದಕ್ಕಾಗಿ ಇಷ್ಟು ಮಾಡಿದೆನೋ ಅದೇ ಮೊದಲು ಹೋಯಿತು. ಮಧ್ಯಾಹ್ನ ಬತ್ತಿ ಹೊಸೆಯುತ್ತ ಸುಮ್ಮನೆ ಕೂರುವಳು. ನಾನು ಎದುರಿಗೆ ಕೂತು, ಅವಳು ಏನೂ ಹೇಳದಿದ್ದರೂ ಒಂದೊಂದು ಸಲ ಹೂಂ ಅನ್ನುವೆ. ತಲೆ ಎತ್ತುತ್ತಿರಲಿಲ್ಲ.

ನನ್ನ ಮದುವೆಯೇ ಮೊದಲಾಯಿತು. ಹಿರಿಯವಳನ್ನು ಮನೆಯಲ್ಲಿಟ್ಟುಕೊಂಡು ಕಿರಿಯವಳಿಗೆ ಅಕ್ಷತೆ ಹಾಕಿದ ದಿನ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ನನ್ನ ತಲೆ ಬಾಚಿ ಹೂವು ಮುಡಿಸಿದವಳು ಅಕ್ಕನೇ. "ಅಲ್ಲಿ ಎಲ್ಲಾದಕ್ಕೂ ಹೂಂ ಅನಬ್ಯಾಡ, ಗಂಗೀ" ಅಂದಳು. ಆಗ ಹೇಳಿಬಿಡಬಹುದಿತ್ತು. ಅಪ್ಪ ಹಾಸಿಗೆ ಹಿಡಿದು, ನೀಲಾಗೆ ಯಾರು ಹೀಗೆ ಮಾಡಿದರೋ ಅಂತ ನನ್ನ ಕೈ ಹಿಡಿದು ಕೇಳಿದಾಗಲೂ ಹೇಳಬಹುದಿತ್ತು. ಅವ್ವ ಬದುಕಿರುವವರೆಗೂ ತಾನೂಬಾಯಿಯನ್ನು ಶಪಿಸುತ್ತಿದ್ದಳು. ಅದಕ್ಕೂ ನಾನು ಹೂಂ ಅಂದೆ. ಒಂಬತ್ತು ವರ್ಷದವಳ ಸುಳ್ಳನ್ನು ಯಾರಾದರೂ ಮನ್ನಿಸಿಯಾರು. ಇಪ್ಪತ್ತರಲ್ಲಿ, ಮೂವತ್ತರಲ್ಲಿ ಬಾಯಿ ಮುಚ್ಚಿಕೊಂಡು ಕೂತವಳಿಗೆ ಯಾವ ನೆವ ಇದೆ?

ಇನ್ನು ನಮ್ಮ ಅಕ್ಕ. ಅವಳು ಅಳುತ್ತ ಕೂತಳೆಂದು ನೀವು ತಿಳಿದಿದ್ದರೆ ಅವಳನ್ನು ನೀವು ಕಂಡಿಲ್ಲ. ಇಪ್ಪತ್ತು ತುಂಬುವ ಮೊದಲೇ ಹೆಂಗಸರ ಆಸ್ಪತ್ರೆಯೊಂದಕ್ಕೆ ಸೇರಿ ಹೆರಿಗೆ ಮಾಡಿಸುವುದನ್ನು ಕಲಿತಳು. ಕಲಿತ ಮೇಲೆ, ಗುಡ್ಡದ ಬುಡದ ಹಳ್ಳಿಯ ದವಾಖಾನೆಗೆ ಯಾರೂ ಹೋಗುವುದಿಲ್ಲವಂತೆ, ನಾನು ಹೋಗುತ್ತೇನೆ ಅಂದಳು. ಅವ್ವ ಅತ್ತಳು. ಅಕ್ಕ ಹೋದಳು. ಅಲ್ಲಿಂದ ಮೇಲಿನ ವಾಡಿಗಳಿಗೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಏರುವಳು. ಮಳೆಗಾಲದಲ್ಲಿ ಕಂಬಳಿ ಹೊದ್ದು ಜಾರುವ ಕಲ್ಲಿನ ಮೇಲೆ ಕೈಕಾಲು ಊರಿ ಏರುವಳಂತೆ. ಅಲ್ಲಿನವರು ಅವಳನ್ನು ನೀಳಾಬಾಯಿ ಅನ್ನುತ್ತಾರೆ.

ಆ ಗುಡಿಸಲುಗಳಲ್ಲಿ ಹೆರಿಗೆ ಅಂದರೆ ಮೊದಲು ಹಡಳನ ಭಯ. ಬಾಗಿಲಿಗೆ ಬಿಬ್ಬೆ ಕಟ್ಟುತ್ತಾರೆ, ತಲೆದಿಂಬಿನ ಕೆಳಗೆ ಕುಡುಗೋಲು ಇಡುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಕಿತ್ತೆಸೆಯುತ್ತಿದ್ದರು. ಅಕ್ಕ ಎರಡನ್ನೂ ಮಾಡುವುದಿಲ್ಲ. ಬಿಬ್ಬೆ ಕಟ್ಟಿದ್ದು ಇರಲಿ, ಈಗ ನೀರು ಕಾಸಿ ಅನ್ನುತ್ತಾಳೆ. ಗಾಬರಿಯಿಂದ ಕೂಗಾಡುವ ಅತ್ತೆಯನ್ನು ಎದುರಿಗೆ ಕೂಡಿಸಿ, ನಾನು ಕಥೆ ಹೇಳುತ್ತೇನೆ, ನೀನು ಹೂಂ ಅನ್ನು, ನಿಲ್ಲಿಸಿದರೆ ನೋಡು ಅಂತ ಕಟ್ಟಪ್ಪಣೆ ಮಾಡುತ್ತಾಳೆ. ಅತ್ತೆಗೆ ಕೆಲಸ ಸಿಕ್ಕಿತು, ಸೊಸೆಗೆ ಉಸಿರಾಡಲು ಬಿಡುವು ಸಿಕ್ಕಿತು. ನನಗೆ ಕೊಟ್ಟ ನೌಕರಿಯನ್ನು ಅಕ್ಕ ಈಗ ಗುಡ್ಡದ ತುಂಬ ಹಂಚುತ್ತಿದ್ದಾಳೆ.

ದೆವ್ವಗಳನ್ನು ನೀನು ನಂಬುತ್ತೀಯಾ ಅಂತ ನಮ್ಮ ಮನೆಯವರು ಒಮ್ಮೆ ತಮಾಷೆಗೆ ಕೇಳಿದರು. ಅಕ್ಕ ತಮಾಷೆಗೆ ಉತ್ತರ ಕೊಡಲಿಲ್ಲ. "ಹಡಳಗ ನಾನೂ ಅಂಜತೀನ್ರಿ. ಅದಕ್ಕ ಯಾರೂ ಹಡಳ ಆಗಬಾರದಂತ ಓಡತೀನಿ" ಅಂದಳು.

ಇನ್ನೊಮ್ಮೆ ಬಂದಾಗ ಒಂದು ವಾಡಿಯ ಸಂಗತಿ ಹೇಳಿದಳು. ಅಲ್ಲಿ ಎರಡು ಕೂಸು ತೀರಿಕೊಂಡವಂತೆ. ಅಲ್ಲಿಯ ಒಬ್ಬ ಬಡ ವಿಧವೆಯೇ ಚೇಟಕೀಣ, ಅವಳೇ ಕೂಸುಗಳನ್ನು ತಿಂದಳು ಅಂತ ಊರವರು ಅವಳಿಗೆ ಬಾವಿಯ ನೀರು ಬಿಡಲಿಲ್ಲವಂತೆ. ಅಕ್ಕ ಹೋಗಿ ಆ ವಿಧವೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು, ಅವಳ ಕೈಯ ಭಾಕರಿ ಉಂಡು, ಅವಳ ಗಡಿಗೆಯ ನೀರು ಕುಡಿದಳು. ನಿಮಗೆ ಹೆದರಿಕೆ ಇಲ್ಲವೇ ಅಂದವರಿಗೆ, ನಾನೂ ಅದೇ ಪೈಕಿ, ನನ್ನನ್ನು ಪುಣೆಯಲ್ಲೇ ಚೇಟಕೀಣ ಮಾಡಿ ಕಳಿಸಿದ್ದಾರೆ ಅಂದಳಂತೆ. ಆಮೇಲೆ ಕುಡಿಯುವ ನೀರನ್ನು ಕಾಯಿಸಲು ಕಲಿಸಿ ಬಂದಳಂತೆ. ನಗುನಗುತ್ತ ಹೇಳಿದಳು. ಅವತ್ತು ನನ್ನ ಬಾಯಿಂದ ಹೂಂ ಬರಲಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲು ಅಕ್ಕ ಎರಡು ದಿನ ನಮ್ಮಲ್ಲಿ ಇರಲು ಬಂದಳು. ಕೂದಲು ವಯಸ್ಸಿಗೆ ಮೊದಲೇ ಬೆಳ್ಳಗಾಗಿದೆ, ಮೊಣಕಾಲು ನೋವು. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಕಥೆಗೆ ಗಂಟುಬಿದ್ದವು. ಅಕ್ಕ ಮೆಂತ್ಯೆ ಸೊಪ್ಪಿನ ಸೂಡು ಎಳೆದುಕೊಂಡು ಎಲೆ ಬಿಡಿಸುತ್ತ ಕೂತಳು. ಎಂದಿನಂತೆ ಉಪ್ಪಿನ ಪುಟ್ಟ ಗಂಟು ತೊಡೆಯ ಹತ್ತಿರ. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಹೂಂ ಅನ್ನಲು ಬರುವುದಿಲ್ಲವೆಂದು ನಾನೇ ಎದುರಿಗೆ ಕೂತೆ.

"ಒಬ್ಬಾಕಿ ಹುಡುಗಿ ಇದ್ಲು. ಅಕ್ಕನ ಕೈ ಹಿಡ್ಕೊಂಡು ಗುಡ್ಡಾ ಏರತಿದ್ಲು."

"ಹೂಂ."

"ಒಂದಿನಾ ಅಕಿಗೆ ಅಂಜಿಕಿ ಬಂತು, ಅಕ್ಕ ಕೈ ಬಿಟ್ಟು ಮುಂದ ಹೋಗ್ತಾಳಂತ. ಹೋಗಬಾರದಂತ ದಾರಿ ಮ್ಯಾಲ ಒಂದು ಮುಳ್ಳು ಇಟ್ಲು."

ನಾನು ಸುಮ್ಮನಾದೆ. ಮಕ್ಕಳು ನನ್ನ ಕಡೆ ತಿರುಗಿದವು. ಅಕ್ಕ ನನ್ನನ್ನು ನೋಡಲಿಲ್ಲ. ಎಲೆ ಬಿಡಿಸುತ್ತ ಕಾದಳು, ನಾನು ಶೇಂಗಾ ನುಂಗುವವರೆಗೆ ಕಾದ ಹಾಗೆ.

"ಹೂಂ" ಅಂದೆ.

"ಮುಳ್ಳು ಅಕ್ಕಗ ನಟ್ಟಿತು. ನಟ್ಟ ಮುಳ್ಳು ಇಂದಿಲ್ಲಾ ನಾಳೆ ಹೊರಗ ಬರ್ತದ. ಆದ್ರ ಅವತ್ತಿಂದ ಆ ಹುಡುಗಿಗೆ ಚಕವಾ ಹಿಡೀತು. ಮೂವತ್ತು ವರ್ಷ ಆತು, ಅದ ಕಲ್ಲು, ಅದ ಗಿಡಾ, ಸುತ್ತಾಕತ್ಯಾಳ."

ಹಾಗಾದರೆ ಅವಳು ಬಿಡಿಸಿಕೊಳ್ಳುವುದು ಹೇಗೆ ಅಂತ ನನ್ನ ಕಿರಿಯ ಮಗಳು ಕೇಳಿದಳು. ಕೂರಬೇಕು ಅಂದಳು ಅಕ್ಕ. ಉಪ್ಪಿನ ಗಂಟನ್ನು ನನ್ನ ಕಡೆ ಸರಿಸಿದಳು.

"ಮುಂದಿಂದು ನಾ ಹೇಳೂದಲ್ಲ. ಗಂಗವ್ವಾ, ನೀ ಹೇಳು."

ನಾನು ಹೇಳಿದೆ. ಜನ್ಮವಿಡೀ ಹೂಂ ಅಂದವಳಿಗೆ ಕಥೆ ಹೇಳಲು ಬರುತ್ತದೆಯೇ? ದನಿ ಎಲ್ಲಿ ತಗ್ಗಿಸಬೇಕೋ ಅಲ್ಲಿ ಏರಿತು, ಏರಬೇಕಾದಲ್ಲಿ ಒಡೆಯಿತು. ಗೂಡಿನೊಳಗಿನ ಗಂಟನ್ನು ತೆಗೆದು ತೋರಿಸಿದ್ದು ಹೇಳಿದೆ. ಅಕ್ಕ "ಹೂಂ" ಅಂದಳು. ಆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡದ್ದು ಹೇಳಿದೆ. ಅದಕ್ಕೂ ಹೂಂ. ಅಪ್ಪ ಕೇಳಿದಾಗ ಹೇಳದೆ ಉಳಿದದ್ದಕ್ಕೂ ಹೂಂ. ತಾನೂಬಾಯಿಯ ಎದುರಿಗೆ ನಾನು ಹೂಂ ಅಂದದ್ದನ್ನು ಹೇಳಿದಾಗ ಅಕ್ಕನ ಕೈ ನಿಂತಿತು. ನನಗೆ ತಿಳಿದ ಮಟ್ಟಿಗೆ ಕಥೆಯ ನಡುವೆ ಆ ಕೈ ನಿಂತದ್ದು ಅದೊಂದೇ ಸಲ.

"ನನಗ ಇದನ್ನ ಹೇಳಿದಾಕಿ ತಾನೂಬಾಯಿನ" ಅಂದಳು. "ಅಲ್ಲಿಗೆ ಹೋದ ಮೊದಲನೇ ಮಳಿಗಾಲದಾಗ. ಪೋರಿನ ಬಯ್ಯಬ್ಯಾಡ, ಕಥಿ ಹೋಗ್ತಾವಂತ ಮಾಡ್ಯಾಳ ಅಂದ್ಲು."

ತಾನೂಬಾಯಿ ಇದ್ದಾಳೆಯೇ ಅಂತ ಕೇಳಿದೆ. ಇಲ್ಲ, ಎರಡು ಮಳೆಗಾಲ ಆಯಿತು ಅಂದಳು ಅಕ್ಕ. ಸುಮ್ಮನೆ ಕೂತಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಇನ್ನೂ ಒಂದು ಉಳಿದಿತ್ತು. ಚೆಲ್ಲಲು ಒಯ್ದ ಹಣ್ಣಿನಲ್ಲಿ ಎರಡು ತಿಂದೆ ಅಂದೆ.

"ಎರಡ?"

"ಎರಡ."

"ಸೀ ಇದ್ದವೇನು?"

"ಹೂಂ" ಅಂದೆ. ಅಕ್ಕ ನಕ್ಕಳು. ಮಕ್ಕಳಿಗೆ ಏನೂ ತಿಳಿಯದೆ ಅವೂ ನಕ್ಕವು.

ಈಗ ಉಪ್ಪು ಎಸೆಯಬೇಕಲ್ಲ. ಗಂಟು ಬಿಚ್ಚಿಕೊಂಡು ಕಿಟಕಿಯ ಹತ್ತಿರ ಹೋದೆ. ದೂರದಲ್ಲಿ ಸಿಂಹಗಡ ಮಬ್ಬಾಗಿ ಕಾಣುತ್ತಿತ್ತು. ಅಲ್ಲಿಯದು ಅಲ್ಲಿಗೆ ಅನ್ನಲು ಬಾಯಿ ಬರಲಿಲ್ಲ. ಈ ದೆವ್ವ ಅಲ್ಲಿಯದಲ್ಲ. ಆ ಗುಡ್ಡ ನಮಗೆ ಕಥೆ ಕೊಟ್ಟಿತು, ಹಣ್ಣು ಕೊಟ್ಟಿತು, ಅಕ್ಕನನ್ನು ಇಟ್ಟುಕೊಂಡು ಕಾಪಾಡಿತು. ನಮ್ಮ ಮನೆಯ ಗೂಡಿನಲ್ಲಿ ಹುಟ್ಟಿದ್ದನ್ನು ಅದರ ಮೇಲೆ ಎಸೆಯಲೇ? ಉಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಡಿಗೆ ಮನೆಗೆ ಹೋಗಿ ಸಾರಿಗೆ ಹಾಕಿದೆ.

ದೀಪ ಹಚ್ಚಿದ ಮೇಲೆ ಎಲ್ಲರೂ ಉಣ್ಣಲು ಕೂತರು. ಅಕ್ಕ ಎರಡು ಸಲ ಸಾರು ಹಾಕಿಸಿಕೊಂಡು ಉಂಡಳು. ನಮ್ಮ ಮನೆಯವರು ಒಂದು ತುತ್ತು ಬಾಯಿಗಿಟ್ಟು, ಇವತ್ತು ಉಪ್ಪು ಹೆಚ್ಚಾಗಿದೆ ಅಂದರು.

ನಾನು ಹೂಂ ಅಂದೆ.